ಕಾರ್ಡ್ ತೆಗೆದರೆ ಪೈ ಏಳುವುದೇ ಇಲ್ಲ

ಈ ಸಲದ ಪತ್ರಗಳಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನದೇ ಕಾರುಬಾರು. ಎಸ್‌ಡಿ ಕಾರ್ಡ್ ಇದ್ದಾಗ ತಕರಾರಿಲ್ಲ, ಯುಎಸ್‌ಬಿಯಿಂದ ಬೂಟ್ ಮಾಡಹೊರಟರೆ, ಅಂದರೆ ಅಲ್ಲಿಂದ ಓಎಸ್ ಎಬ್ಬಿಸಹೊರಟರೆ, ಕೈಕೊಡುತ್ತದೆ ಎಂಬುದೇ ಎಲ್ಲರ ದೂರು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ, ಇವಕ್ಕೆ ಮಾತ್ರ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನದು ಪೈ 4. ಇಷ್ಟು ದಿನ ಕಾರ್ಡಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಈಚೆಗೆ ಒಂದು ಎಸ್‌ಎಸ್‌ಡಿ ತಂದು, ಯುಎಸ್‌ಬಿ ಕೇಸಿಗೆ ಹಾಕಿ, ಇಮೇಜರ್ ಎಂಬ ತಂತ್ರಾಂಶದಿಂದ ಅದರ ಮೇಲೆ ಹೊಸದಾಗಿ ಓಎಸ್ ಬರೆದೆ. ಕಾರ್ಡ್ ತೆಗೆದು, ಎಸ್‌ಎಸ್‌ಡಿಯನ್ನು ನೀಲಿ (ಯುಎಸ್‌ಬಿ 3) ಪೋರ್ಟಿಗೆ ಸಿಕ್ಕಿಸಿ ಆನ್ ಮಾಡಿದರೆ ಬಣ್ಣಬಣ್ಣದ ಚೌಕ ಒಮ್ಮೆ ಕಾಣುತ್ತದೆ. ಆಮೇಲೆ ಒಂದಷ್ಟು ಬಿಳಿ ಅಕ್ಷರಗಳು ಓಡಿ, ರೂಟ್ ಡಿವೈಸ್‌ಗೆ ಕಾಯುತ್ತಿದ್ದೇನೆ ಎನ್ನುವ ಸಾಲಿನಲ್ಲಿ ನಿಂತುಬಿಡುತ್ತದೆ. ಯಾರೋ ಹೇಳಿದರೆಂದು ಬೂಟ್ ಆರ್ಡರ್ (ಯಾವುದರಿಂದ ಮೊದಲು ಬೂಟ್ ಆಗಬೇಕೆಂಬ ಕ್ರಮ) ಬದಲಿಸಿದೆ, ಈಪ್ರಾಮ್ ಅಪ್‌ಡೇಟ್ ಮಾಡಿದೆ, ಓಎಸ್ ಅನ್ನು ಮತ್ತೆ ಮತ್ತೆ ಬರೆದೆ. ಕೊನೆಗೆ ಬೇಸತ್ತು ಕಪ್ಪು (ಯುಎಸ್‌ಬಿ 2) ಪೋರ್ಟಿಗೆ ಹಾಕಿದರೆ ಬೂಟ್ ಆಗಿಬಿಟ್ಟಿತು! ನೀಲಿಗೆ ಹಾಕಿದರೆ ಮತ್ತೆ ಅದೇ ಕಥೆ. ಕೆಟ್ಟಿರುವುದು ಎಸ್‌ಎಸ್‌ಡಿಯೋ, ಪೈಯೋ?

ಉತ್ತರ: ಎರಡೂ ಇರಲಾರದು. ನಿಮ್ಮ ಪತ್ರ ನನಗೆ ಇಷ್ಟವಾಯಿತು. ಹೆಚ್ಚಿನವರು ‘ಬೂಟ್ ಆಗುತ್ತಿಲ್ಲ, ಪರಿಹಾರ ತಿಳಿಸಿ’ ಎಂದು ಒಂದೇ ಸಾಲು ಬರೆಯುತ್ತಾರೆ. ನೀವು ಎಲ್ಲಿ ನಿಂತಿತು ಎಂದು ಬರೆದಿದ್ದೀರಿ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಬಣ್ಣದ ಚೌಕ ಬಂತು ಎಂದರೆ ಏನರ್ಥ? ಬೋರ್ಡಿನ ಮೇಲಿರುವ ಈಪ್ರಾಮ್ ಚಿಪ್ಪಿನಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಕೂತಿದೆ. ಅದು ಎದ್ದು, ಯುಎಸ್‌ಬಿಯಲ್ಲಿ ಡಿಸ್ಕ್ ಹುಡುಕಿ, ಅದರ ಮೊದಲ ಪಾರ್ಟಿಶನ್ನಿನಿಂದ (ಡಿಸ್ಕಿನ ಮೊದಲ ಭಾಗದಿಂದ) ಫರ್ಮ್‌ವೇರ್ ಫೈಲನ್ನು ಓದಿದ ಮೇಲೆಯೇ ಆ ಚೌಕ ಮೂಡುವುದು. ಅಂದರೆ ಬೂಟ್ ಆರ್ಡರ್ ಸರಿಯಾಗಿದೆ, ಈಪ್ರಾಮ್ ಸರಿಯಾಗಿದೆ. ನೀವು ಅದರ ಮೇಲೆ ಕಳೆದ ಸಂಜೆಗಳೆಲ್ಲ ದಂಡ. ಬಿಳಿ ಅಕ್ಷರ ಓಡಿದವು ಎಂದರೆ ಓಎಸ್‌ನ ತಿರುಳಾದ ಲಿನಕ್ಸ್ ಕರ್ನಲ್ ಕೂಡ ಮೆಮೊರಿಗೆ ಬಂದು ಕೆಲಸ ಶುರು ಮಾಡಿದೆ. ಯುಎಸ್‌ಬಿಯಿಂದ ಬೂಟ್ ಆಗುತ್ತಿಲ್ಲ ಎಂಬ ನಿಮ್ಮ ಮಾತೇ ಪೂರ್ತಿ ನಿಜವಲ್ಲ. ಮುಕ್ಕಾಲು ಪಾಲು ಆಗಿದೆ.

ಎಡವಟ್ಟು ಇರುವುದು ಇದರ ಮುಂದೆ. ಕರ್ನಲ್ ಎದ್ದ ಕೂಡಲೇ ಬೂಟ್‌ಲೋಡರ್ ಕಟ್ಟಿಕೊಂಡಿದ್ದ ಯುಎಸ್‌ಬಿ ಸಂಪರ್ಕವನ್ನು ಬಿಟ್ಟು, ತನ್ನದೇ ಡ್ರೈವರ್ ಹಾಕಿಕೊಂಡು ಓಎಸ್ ಇರುವ ಡಿಸ್ಕನ್ನು, ಅಂದರೆ ರೂಟ್ ಡಿವೈಸನ್ನು, ಮೊದಲಿನಿಂದ ಹುಡುಕುತ್ತದೆ. ಬೂಟ್‌ಲೋಡರ್ ಡಿಸ್ಕಿನೊಡನೆ ಹಳೆಯ, ಸರಳ ವಿಧಾನದಲ್ಲಿ ವ್ಯವಹರಿಸುತ್ತದೆ. ಲಿನಕ್ಸ್ ಮಾತ್ರ, ಕೇಸಿನ ಒಳಗಿರುವ ಚಿಪ್ ತನಗೆ ಯುಎಎಸ್ ಗೊತ್ತು ಎಂದು ಹೇಳಿಕೊಂಡರೆ, ಅದನ್ನೇ ಬಳಸುತ್ತದೆ. ಯುಎಎಸ್ ಎಂದರೆ ಒಂದರ ಹಿಂದೆ ಒಂದಾಗಿ ಕಾಯದೆ ಹಲವು ಆದೇಶಗಳನ್ನು ಒಟ್ಟಿಗೆ ಕಳಿಸುವ, ವೇಗದ ವಿಧಾನ. ತೊಂದರೆ ಏನೆಂದರೆ ಗೊತ್ತು ಎಂದು ಹೇಳಿಕೊಳ್ಳುವ ಚಿಪ್‌ಗಳಲ್ಲಿ ಕೆಲವಕ್ಕೆ ಅದು ನೆಟ್ಟಗೆ ಬರುವುದಿಲ್ಲ. ಡಿಸ್ಕ್ ಉತ್ತರ ಕೊಡುವುದಿಲ್ಲ, ಕರ್ನಲ್ ರೀಸೆಟ್ ಮಾಡುತ್ತದೆ, ಮತ್ತೆ ಉತ್ತರವಿಲ್ಲ. ಹೀಗೇ ಕಾಯುತ್ತ ಕೂರುತ್ತದೆ.

ಕಪ್ಪು ಪೋರ್ಟಿನ ವಿಷಯಕ್ಕೆ ಬನ್ನಿ. ಅಲ್ಲಿ ಬೂಟ್ ಆಯಿತಲ್ಲ, ಅದೊಂದೇ ಸಾಕ್ಷಿಯಿಂದ ಎಷ್ಟೋ ಅನುಮಾನ ತೊಲಗುತ್ತದೆ. ಓಎಸ್ ಸರಿಯಾಗಿ ಬರೆದಿದೆ. ಪಾರ್ಟಿಶನ್ನಿನ ಗುರುತಿನ ಸಂಖ್ಯೆ ಸರಿಯಿದೆ. ಎಸ್‌ಎಸ್‌ಡಿ ಓದಲು ಬರೆಯಲು ಬರುತ್ತಿದೆ. ಉಳಿದದ್ದು ಮೂರೇ: ಕೇಸಿನ ಚಿಪ್, ಕೇಬಲ್, ಪವರ್. ನಾನಾದರೆ ಚಿಪ್ಪಿನಿಂದ ಶುರು ಮಾಡುತ್ತೇನೆ.

ಕಾರ್ಡಿನಿಂದ ಬೂಟ್ ಮಾಡಿ, ಆಮೇಲೆ ಎಸ್‌ಎಸ್‌ಡಿಯನ್ನು ನೀಲಿ ಪೋರ್ಟಿಗೆ ಹಾಕಿ. ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಎಂದು ಒತ್ತಿ. (ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಜಾಗ ಬೇಡ.) ಬರುವ ಪಟ್ಟಿಯಲ್ಲಿ ನಿಮ್ಮ ಕೇಸಿನ ಸಾಲನ್ನು ಗುರುತಿಸಿ. ಅದರಲ್ಲಿ ನಾಲ್ಕು ಅಕ್ಷರ, ಒಂದು ಕೋಲನ್, ಮತ್ತೆ ನಾಲ್ಕು ಅಕ್ಷರ ಇರುತ್ತದೆ. ಅದೇ ಆ ಚಿಪ್ಪಿನ ಐಡಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾವುದು ನಿಮ್ಮದೆಂದು ತಿಳಿಯದಿದ್ದರೆ ಕೇಸನ್ನು ತೆಗೆದು ಮತ್ತೊಮ್ಮೆ ಅದೇ ಕಮಾಂಡ್ ಕೊಡಿ, ಮಾಯವಾದ ಸಾಲೇ ನಿಮ್ಮದು. ಈಗ ಕೇಸನ್ನು ಮತ್ತೆ ಹಾಕಿ, ಅದೇ ಕಮಾಂಡಿನ ಕೊನೆಗೆ ಒಂದು ಜಾಗ ಬಿಟ್ಟು ಮೈನಸ್ ಟಿ ಸೇರಿಸಿ ಒತ್ತಿ. ಕೊಂಬೆ ಕೊಂಬೆಯಾಗಿ ಇನ್ನೊಂದು ಪಟ್ಟಿ ಬರುತ್ತದೆ. ಡಿಸ್ಕಿನ ಸಾಲಿನ ತುದಿಯಲ್ಲಿ 5000ಎಂ ಎಂದಿದ್ದರೆ ಅದು ಯುಎಸ್‌ಬಿ 3ರ ವೇಗದಲ್ಲಿದೆ. ಕಪ್ಪು ಪೋರ್ಟಿನಲ್ಲಾದರೆ ಅಲ್ಲಿ 480ಎಂ ಇರುತ್ತದೆ. ಡ್ರೈವರ್ ಎಂಬಲ್ಲಿ ಯುಎಎಸ್ ಎಂದಿದ್ದರೆ ನಮ್ಮ ಅನುಮಾನಕ್ಕೆ ಬಲ ಬಂತು.

ಮದ್ದು ಒಂದೇ ಸಾಲಿನದು. ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಅದರ ಬೂಟ್ ಪಾರ್ಟಿಶನ್ ಎಫ್‌ಎಟಿ ಆದ್ದರಿಂದ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಅದರೊಳಗೆ ಸಿಎಂಡಿಲೈನ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲ್ ಇದೆ. ಅದರ ತೀರಾ ಮೊದಲಿಗೆ ಹೀಗೆ ಸೇರಿಸಿ: ಯುಎಸ್‌ಬಿ, ಹೈಫನ್, ಸ್ಟೋರೇಜ್, ಚುಕ್ಕಿ, ಕ್ವರ್ಕ್ಸ್, ಸಮ ಚಿಹ್ನೆ, ಚೀಟಿಯಲ್ಲಿ ಬರೆದುಕೊಂಡ ಐಡಿ, ಮತ್ತೊಂದು ಕೋಲನ್, ಕೊನೆಗೆ ಯು ಅಕ್ಷರ. ಇದರ ನಡುವೆ ಎಲ್ಲೂ ಜಾಗ ಬಿಡಬೇಡಿ. ಮುಗಿದ ಮೇಲೆ ಒಂದೇ ಒಂದು ಜಾಗ ಬಿಟ್ಟು ಹಳೆಯ ಬರಹ ಮುಂದುವರಿಯಲಿ. ಎಂಟರ್ ಮಾತ್ರ ಒತ್ತಕೂಡದು. ಆ ಫೈಲ್ ಇಡಿಯಾಗಿ ಒಂದೇ ಸಾಲಿನಲ್ಲಿರಬೇಕು. ಅಂದವಾಗಿರಲಿ ಎಂದು ಸಾಲು ಮುರಿದು, ಇರುವುದನ್ನೂ ಕೆಡಿಸಿಕೊಂಡವರು ಬೇಕಾದಷ್ಟಿದ್ದಾರೆ.

ಆ ಯು ಅಕ್ಷರದ ಅರ್ಥ, ಈ ಚಿಪ್ಪಿನೊಡನೆ ಯುಎಎಸ್ ಬೇಡ, ಹಳೆಯ ವಿಧಾನ ಸಾಕು ಎಂದು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೂ ಕಾರ್ಡಿಗಿಂತ ಎಷ್ಟೋ ಮೇಲು. ಬೂಟ್ ಆದ ಮೇಲೆ ಅದೇ ಕೊಂಬೆಗಳ ಪಟ್ಟಿ ತೆಗೆದು ನೋಡಿ, ಡ್ರೈವರ್ ಎಂಬಲ್ಲಿ ಈಗ ಯುಎಸ್‌ಬಿ ಸ್ಟೋರೇಜ್ ಎಂದಿರಬೇಕು. ಇನ್ನೂ ಯುಎಎಸ್ ಎಂದೇ ಇದ್ದರೆ ಐಡಿಯಲ್ಲೋ ಚುಕ್ಕಿಯಲ್ಲೋ ತಪ್ಪಾಗಿದೆ.

ಇಷ್ಟಾದರೂ ಜಗ್ಗದಿದ್ದರೆ ಪವರ್ ನೋಡಿ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟಿಗೆ ಸೇರಿ ಸಿಗುವುದು 1.2 ಆಂಪಿಯರ್. ಕೀಬೋರ್ಡ್, ಮೌಸ್, ಜೊತೆಗೆ ಹಸಿದ ಎಸ್‌ಎಸ್‌ಡಿ ಎಂದರೆ ಕಷ್ಟ. ಬೋರ್ಡಿಗೆ 5 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಫೋನಿನ ಚಾರ್ಜರ್ ಮೇಲೆ ಏನೇ ಮುದ್ರಿಸಿರಲಿ, ಈ ಕೆಲಸಕ್ಕೆ ಅದರ ಮೇಲೆ ನನಗೆ ನಂಬಿಕೆಯಿಲ್ಲ. ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಪೈ ಗುರುತಿಸುತ್ತದೆ, ಸ್ಕ್ರೀನಿನ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. ಸ್ಕ್ರೀನ್ ಇಲ್ಲದೆ ಓಡಿಸುವವರು ವಿಸಿಜೆನ್‌ಸಿಎಂಡಿ ಕಮಾಂಡಿಗೆ ಗೆಟ್ ಅಂಡರ್‌ಸ್ಕೋರ್ ಥ್ರಾಟಲ್ಡ್ ಸೇರಿಸಿ ಕೇಳಿದರೆ ಉತ್ತರ ಸಿಗುತ್ತದೆ. ಸೊನ್ನೆ ಎಕ್ಸ್ ಸೊನ್ನೆ ಬಂದರೆ ಎಲ್ಲ ಸರಿ. 50000 ಬಂದರೆ ಆನ್ ಮಾಡಿದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದಿತ್ತು. 50005 ಬಂದರೆ ಈ ಕ್ಷಣದಲ್ಲೂ ಕುಸಿದಿದೆ. ಎಷ್ಟೋ ಸಲ ಅಡಾಪ್ಟರ್ ಸರಿಯಿದ್ದು, ಉದ್ದದ ತೆಳು ಕೇಬಲ್ಲೇ ಕಳ್ಳ.

ಪ್ರಶ್ನೆ: ಬೇರೆಯವರು ಬಳಸಿದ ಪೈ 4 ನನ್ನ ಕೈಗೆ ಬಂದಿದೆ, ಮೊದಮೊದಲು ಬಂದ ಬೋರ್ಡಂತೆ. ಪೆನ್‌ಡ್ರೈವ್ ಹಾಕಿದರೆ ಬಣ್ಣದ ಚೌಕವೂ ಬರುವುದಿಲ್ಲ, ಏನೂ ಬರುವುದಿಲ್ಲ. ಕಾರ್ಡಿನಿಂದ ಮಾತ್ರ ಬೂಟ್ ಆಗುತ್ತದೆ.

ಉತ್ತರ: ಮೇಲಿನ ಪತ್ರದವರು ಸುಮ್ಮನೆ ಮಾಡಿದ ಈಪ್ರಾಮ್ ಅಪ್‌ಡೇಟ್ ಕೆಲಸವನ್ನು ನೀವು ಮಾಡಬೇಕು. ಪೈ 4 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಆಗ ಅದಕ್ಕೆ ಯುಎಸ್‌ಬಿಯಿಂದ ಬೂಟ್ ಆಗಲು ಬರುತ್ತಿರಲಿಲ್ಲ. 2020ರಲ್ಲಿ ಬೂಟ್‌ಲೋಡರ್ ಅಪ್‌ಡೇಟ್ ಮೂಲಕ ಆ ವಿದ್ಯೆ ಬಂತು. ಆಮೇಲೆ ಯಾರೂ ಅಪ್‌ಡೇಟ್ ಮಾಡದೆ ಬಿಟ್ಟ ಬೋರ್ಡು ಇವತ್ತಿಗೂ ಹಳೆಯ ಬುದ್ಧಿಯಲ್ಲೇ ಇರುತ್ತದೆ.

ಸುಲಭದ ದಾರಿ ಇಮೇಜರ್‌ನಲ್ಲಿಯೇ ಇದೆ. ಓಎಸ್ ಆರಿಸುವ ಪಟ್ಟಿಯಲ್ಲಿ ಇತರ ಉಪಕರಣಗಳ ವಿಭಾಗಕ್ಕೆ ಹೋಗಿ, ಪೈ 4ರ ಬೂಟ್‌ಲೋಡರ್, ಅದರಲ್ಲಿ ಯುಎಸ್‌ಬಿ ಬೂಟ್ ಎಂಬುದನ್ನು ಆರಿಸಿ, ಖಾಲಿ ಕಾರ್ಡಿಗೆ ಬರೆಯಿರಿ. ಕಾರ್ಡನ್ನು ಪೈಗೆ ಹಾಕಿ ಆನ್ ಮಾಡಿದರೆ ಸ್ಕ್ರೀನ್ ಪೂರ್ತಿ ಹಸಿರಾಗುತ್ತದೆ, ಹಸಿರು ದೀಪ ಒಂದೇ ಸಮನೆ ಬೇಗಬೇಗ ಮಿಟುಕುತ್ತದೆ. ಅಷ್ಟಾದರೆ ಕೆಲಸ ಮುಗಿಯಿತು. ಕರೆಂಟ್ ತೆಗೆದು, ಕಾರ್ಡ್ ತೆಗೆದು, ಪೆನ್‌ಡ್ರೈವ್ ಹಾಕಿ.

ಬೂಟ್ ಆರ್ಡರ್ ಸಂಖ್ಯೆಯನ್ನು ಎಲ್ಲಾದರೂ ಕಂಡರೆ ಅದನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದು ನೆನಪಿರಲಿ. ಎಫ್41 ಎಂದಿದ್ದರೆ ಮೊದಲು 1, ಅಂದರೆ ಕಾರ್ಡ್. ಆಮೇಲೆ 4, ಅಂದರೆ ಯುಎಸ್‌ಬಿ. ಎಫ್ ಎಂದರೆ ಎರಡೂ ಸಿಗದಿದ್ದರೆ ಮತ್ತೆ ಮೊದಲಿನಿಂದ. ಎಫ್14 ಆದರೆ ಯುಎಸ್‌ಬಿಗೆ ಮೊದಲ ಮಣೆ. ಇದನ್ನು ಉಲ್ಟಾ ಓದಿ, ಸರಿ ಇದ್ದದ್ದನ್ನು ತಿದ್ದಹೋಗಬೇಡಿ.

ಪ್ರಶ್ನೆ: ಪೈ 3 ಬಿ ಇದೆ, ಹೆಸರಿನಲ್ಲಿ ಪ್ಲಸ್ ಇಲ್ಲದ್ದು. ಪೆನ್‌ಡ್ರೈವ್ ಹಾಕಿದರೆ ಕೆಂಪು ದೀಪ ಮಾತ್ರ ಉರಿಯುತ್ತದೆ. ಇದಕ್ಕೂ ಅದೇ ಹಸಿರು ಸ್ಕ್ರೀನಿನ ಉಪಾಯ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಪೈ 3ರಲ್ಲಿ ಬೂಟ್‌ಲೋಡರ್ ಇಟ್ಟುಕೊಳ್ಳುವ ಈಪ್ರಾಮ್ ಇಲ್ಲ. ಪ್ರೊಸೆಸರ್ ಚಿಪ್ಪಿನ ಒಳಗೇ ಓಟಿಪಿ ಎಂಬ, ಒಂದು ಸಲ ಬರೆದರೆ ಅಳಿಸಲಾಗದ ಒಂದು ಜಾಗವಿದೆ, ಅಲ್ಲಿ ಯುಎಸ್‌ಬಿ ಬೂಟ್‌ಗೆ ಅನುಮತಿ ಬರೆಯಬೇಕು. 3 ಬಿ ಪ್ಲಸ್‌ನಲ್ಲಿ ಅದನ್ನು ಮೊದಲೇ ಬರೆದು ಕೊಡುತ್ತಾರೆ, ನಿಮ್ಮದರಲ್ಲಿ ಇಲ್ಲ.

ಕಾರ್ಡಿನಿಂದ ಬೂಟ್ ಮಾಡಿ, ಬೂಟ್ ಪಾರ್ಟಿಶನ್ನಿನ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಫೈಲಿನ ಕೊನೆಗೆ ಹೊಸ ಸಾಲಿನಲ್ಲಿ ಪ್ರೋಗ್ರಾಂ, ಯುಎಸ್‌ಬಿ, ಬೂಟ್, ಮೋಡ್ ಎಂಬ ನಾಲ್ಕು ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ, ಸಮ ಚಿಹ್ನೆ ಹಾಕಿ 1 ಬರೆಯಿರಿ. ರೀಬೂಟ್ ಮಾಡಿ. ವಿಸಿಜೆನ್‌ಸಿಎಂಡಿಗೆ ಓಟಿಪಿ ಅಂಡರ್‌ಸ್ಕೋರ್ ಡಂಪ್ ಸೇರಿಸಿ ಕೇಳಿದರೆ ಬರುವ ಪಟ್ಟಿಯಲ್ಲಿ 17 ಎಂದು ಶುರುವಾಗುವ ಸಾಲು 3020000ಎ ಎಂದಿದ್ದರೆ ಅನುಮತಿ ಸಿಕ್ಕಿದೆ. 1020000ಎ ಎಂದಿದ್ದರೆ ಸಿಕ್ಕಿಲ್ಲ, ಸಾಲನ್ನು ಇನ್ನೊಮ್ಮೆ ನೋಡಿ. ಆದಮೇಲೆ ಆ ಸಾಲನ್ನು ಅಳಿಸಿಬಿಡಿ. ಇಲ್ಲದಿದ್ದರೆ ಅದೇ ಕಾರ್ಡನ್ನು ಬೇರೆ ಪೈಗೆ ಹಾಕಿದ ದಿನ ಅದಕ್ಕೂ ಬರೆದುಬಿಡುತ್ತದೆ. ಅದರಿಂದ ಹಾನಿಯೇನಿಲ್ಲ, ಆದರೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಒಂದು ಎಚ್ಚರಿಕೆ. ಪೈ 3 ಯುಎಸ್‌ಬಿಗೆ ಬಹಳ ಹೊತ್ತು ಕಾಯುವ ಪೈಕಿ ಅಲ್ಲ. ನಿಧಾನಕ್ಕೆ ಎಚ್ಚರಗೊಳ್ಳುವ ಪೆನ್‌ಡ್ರೈವ್ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾದಾಗ ಪೆನ್‌ಡ್ರೈವ್ ಬದಲಿಸಿ ನೋಡಿ. ಬದಲಿಸಲು ಇಲ್ಲದಿದ್ದರೆ, ಒಂದು ಹಳೆಯ ಕಾರ್ಡನ್ನು ಎಫ್‌ಎಟಿ 32 ಮಾಡಿ, ಅದರಲ್ಲಿ ಬೂಟ್‌ಕೋಡ್ ಡಾಟ್ ಬಿನ್ ಎಂಬ ಒಂದೇ ಫೈಲ್ ಇಟ್ಟು ಸದಾ ಪೈನಲ್ಲೇ ಬಿಟ್ಟುಬಿಡಿ. ಬೂಟ್ ಶುರುವಾಗುವುದು ಕಾರ್ಡಿನಿಂದ, ಉಳಿದ ಕೆಲಸವೆಲ್ಲ ಪೆನ್‌ಡ್ರೈವಿನಿಂದ. ನೋಡಲು ಅಷ್ಟು ಚೆಂದವಲ್ಲ, ಆದರೆ ನನಗೆ ಗೊತ್ತಿರುವುದರಲ್ಲಿ ಇದೇ ಹೆಚ್ಚು ಭರವಸೆಯ ವಿಧಾನ.

ಪ್ರಶ್ನೆ: ಪೈ 5ಕ್ಕೆ ಎಸ್‌ಎಸ್‌ಡಿ ಹಾಕಿದರೆ, ಹೆಚ್ಚು ಕರೆಂಟಿನ ಅಡಾಪ್ಟರ್ ಬೇಕು, ಪವರ್ ಬಟನ್ ಒತ್ತಿ ಎಂದು ಸ್ಕ್ರೀನಿನಲ್ಲಿ ಬರುತ್ತದೆ. ಪೈ 4ರ ಅಡಾಪ್ಟರನ್ನೇ ಬಳಸುತ್ತಿದ್ದೇನೆ.

ಉತ್ತರ: ಪಾಪ, ಅದು ಕಾರಣವನ್ನೇ ಹೇಳುತ್ತಿದೆ! ಪೈ 5 ಕೇಳುವುದು 5 ವೋಲ್ಟ್, 5 ಆಂಪಿಯರ್ ಅಡಾಪ್ಟರ್. ಅದು ಸಿಕ್ಕಿದರೆ ಯುಎಸ್‌ಬಿ ಪೋರ್ಟುಗಳಿಗೆ ಒಟ್ಟು 1.6 ಆಂಪಿಯರ್ ಬಿಡುತ್ತದೆ, ಸಿಗದಿದ್ದರೆ 600 ಮಿಲಿಆಂಪಿಯರ್‌ಗೆ ನಿಲ್ಲಿಸಿ, ಯುಎಸ್‌ಬಿ ಬೂಟ್ ತಡೆಹಿಡಿಯುತ್ತದೆ. ಬಟನ್ ಒತ್ತಿದರೆ ಆ ಒಂದು ಸಲಕ್ಕೆ ಬಿಡುತ್ತದೆ. ಕಾನ್ಫಿಗ್ ಫೈಲಿನಲ್ಲಿ ಯುಎಸ್‌ಬಿ, ಮ್ಯಾಕ್ಸ್, ಕರೆಂಟ್, ಎನೇಬಲ್ ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ 1 ಎಂದು ಬರೆದರೆ ಪ್ರತಿಸಲ ಬಿಡುತ್ತದೆ. ಆದರೆ ಆ ಸಾಲಿನಿಂದ ಅಡಾಪ್ಟರಿನ ಶಕ್ತಿಯೇನೂ ಹೆಚ್ಚುವುದಿಲ್ಲ. ಫೈಲ್ ಬರೆಯುವಾಗ ವೋಲ್ಟೇಜ್ ಕುಸಿದರೆ ಹೋಗುವುದು ನಿಮ್ಮ ಡೇಟಾ. ಸರಿಯಾದ ಅಡಾಪ್ಟರ್ ತನ್ನಿ.

ಪ್ರಶ್ನೆ: ಕಾರ್ಡನ್ನು ಎಸ್‌ಎಸ್‌ಡಿಗೆ ಯಥಾವತ್ ನಕಲು ಮಾಡಿ ಎರಡನ್ನೂ ಹಾಕಿಯೇ ಬಳಸುತ್ತಿದ್ದೇನೆ. ಒಂದು ದಿನ ಉಳಿಸಿದ ಫೈಲ್ ಮರುದಿನ ಇರುವುದಿಲ್ಲ, ಇನ್ನೊಂದು ದಿನ ತಾನಾಗಿ ಬರುತ್ತದೆ.

ಉತ್ತರ: ಯಥಾವತ್ ನಕಲು ಎಂದರೆ ಪಾರ್ಟಿಶನ್ನಿನ ಗುರುತಿನ ಸಂಖ್ಯೆಯೂ ನಕಲಾಗಿದೆ. ಕರ್ನಲ್ ಹುಡುಕುವುದು ಆ ಸಂಖ್ಯೆಯನ್ನು. ಎರಡು ಕಡೆ ಅದೇ ಸಂಖ್ಯೆ ಇದ್ದರೆ ಯಾವುದು ಮೊದಲು ಸಿಕ್ಕಿತೋ ಅದು. ಫೈಂಡ್‌ಎಂಎನ್‌ಟಿ ಎಂದು ಬರೆದು, ಜಾಗ ಬಿಟ್ಟು ಒಂದು ಓರೆಗೆರೆ ಹಾಕಿ ಒತ್ತಿ. ಎಂಎಂಸಿ ಎಂದು ಶುರುವಾಗುವ ಹೆಸರು ಬಂದರೆ ಇವತ್ತು ಕಾರ್ಡಿನಿಂದ ನಡೆಯುತ್ತಿದೆ, ಎಸ್‌ಡಿಎ ಎಂದು ಬಂದರೆ ಎಸ್‌ಎಸ್‌ಡಿಯಿಂದ.

ಕಾರ್ಡನ್ನು ತೆಗೆದಿಡುವುದೇ ಸರಿ. ಎರಡೂ ಇರಲೇಬೇಕು ಎಂದಾದರೆ ಎಫ್‌ಡಿಸ್ಕ್‌ನಲ್ಲಿ ಎಕ್ಸ್ ಒತ್ತಿ, ಆಮೇಲೆ ಐ ಒತ್ತಿ ಎಸ್‌ಎಸ್‌ಡಿಗೆ ಹೊಸ ಗುರುತು ಕೊಡಿ. ಆರ್ ಒತ್ತಿ ಹಿಂದಕ್ಕೆ ಬಂದು ಡಬ್ಲ್ಯು ಒತ್ತಿದರೆ ಬರೆದುಕೊಳ್ಳುತ್ತದೆ. ಆ ಹೊಸ ಸಂಖ್ಯೆಯನ್ನು ಎಸ್‌ಎಸ್‌ಡಿಯಲ್ಲಿರುವ ಸಿಎಂಡಿಲೈನ್ ಫೈಲಿನಲ್ಲೂ, ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲೂ ಹಾಕಬೇಕು. ಮೊದಲನೆಯದನ್ನು ಮರೆತರೆ, ಕಾರ್ಡ್ ತೆಗೆದ ದಿನ ರೂಟ್ ಸಿಗದೆ ನಿಲ್ಲುತ್ತದೆ. ಎರಡನೆಯದನ್ನು ಮರೆತರೆ ಆ ದಿನ ಇನ್ನಷ್ಟು ಮುಂದೆ ಹೋಗಿ, ಎಮರ್ಜೆನ್ಸಿ ಮೋಡ್ ಎಂದು ಹೇಳಿ ನಿಲ್ಲುತ್ತದೆ.