ಲಿನಕ್ಸ್, ಫ್ರೀಬಿಎಸ್‌ಡಿ ಇರುವ ಅಂಗಡಿಗೆ ಉಚಿತ ಲೈವ್ ಚಾಟ್: ವಿಂಡೋಸ್ ಹಾಕಿಸಲೇಬೇಕಾ?

ಬೇಡ. ಒಂದು ಚಾಟ್ ಬಟನ್‌ಗೋಸ್ಕರ ವಿಂಡೋಸ್ ಹಾಕಿಸಬೇಡಿ. ನಿಮ್ಮ ಎರಡೂ ಕಂಪ್ಯೂಟರ್‌ನಲ್ಲಿ ಲಿನಕ್ಸ್, ಫ್ರೀಬಿಎಸ್‌ಡಿಯೇ ಇರಲಿ, ಕೆಲಸ ಆಗುತ್ತದೆ.

ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ಮಾರುತ್ತೀರಿ, ಸ್ವಂತ ವೆಬ್‌ಸೈಟ್ ಇದೆ. ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಇದೆ, ಮನೆಯ ಲ್ಯಾಪ್‌ಟಾಪ್‌ಗೆ ಮಗಳು ಫ್ರೀಬಿಎಸ್‌ಡಿ ಹಾಕಿಕೊಟ್ಟಿದ್ದಾಳೆ. ಎರಡೂ ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂಗಳು. ವೆಬ್‌ಸೈಟಿಗೆ ಬಂದವರು ಅಲ್ಲೇ ಕೇಳಿ ಅಲ್ಲೇ ಉತ್ತರ ಪಡೆಯುವ ಹಾಗೆ ಲೈವ್ ಚಾಟ್ ಬೇಕು. ಆದರೆ ಉಚಿತ ಅನ್ನುವ ಯಾವ ಕಂಪನಿಯ ಡೌನ್‌ಲೋಡ್ ಪುಟ ತೆರೆದರೂ ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್, ಇಷ್ಟೇ.

ನಾನಿರುವುದು ಹಾಸನದಲ್ಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳು, ಇಲ್ಲಿನ ಕೆಲವು ಅಂಗಡಿಗಳು, ಇವರ ವೆಬ್‌ಸೈಟ್ ನೋಡಿಕೊಳ್ಳುವುದೇ ನನ್ನ ಕೆಲಸ. ಲಿನಕ್ಸ್ ಇಟ್ಟುಕೊಂಡವರು ಇಂಥ ಒಂದು ಕಾರಣಕ್ಕೆ ಅದನ್ನು ಬಿಡುವುದನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಆ ಡೌನ್‌ಲೋಡ್ ಪುಟವನ್ನು ಮರೆತುಬಿಡಿ. ಲೈವ್ ಚಾಟ್‌ಗೆ ಎರಡು ತುದಿ ಇರುತ್ತದೆ. ಗ್ರಾಹಕರ ತುದಿಯಲ್ಲಿ ಇರುವುದು ನಿಮ್ಮ ಪುಟದೊಳಗೆ ಅಂಟಿಸುವ ನಾಲ್ಕಾರು ಸಾಲಿನ ಜಾವಾಸ್ಕ್ರಿಪ್ಟ್, ಅಷ್ಟೆ. ಅದು ಅವರವರ ಫೋನಿನ ಬ್ರೌಸರ್‌ನಲ್ಲಿ ಓಡುತ್ತದೆ, ನಿಮ್ಮ ಕಂಪ್ಯೂಟರ್‌ನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ ಅನ್ನುವುದು ಅದಕ್ಕೆ ಬೇಕಿಲ್ಲ. ಇನ್ನೊಂದು ತುದಿ ನೀವು ಕೂತು ಉತ್ತರ ಕೊಡುವ ಜಾಗ. ಹಿಂದೆಲ್ಲ ಇದಕ್ಕೆ ಬೇರೆಯೇ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿಕೊಳ್ಳಬೇಕಿತ್ತು. 2011ರಲ್ಲಿ ವೆಬ್‌ಸಾಕೆಟ್ ಸ್ಟ್ಯಾಂಡರ್ಡ್ ಆಯಿತು, ಸರ್ವರ್‌ನಿಂದ ಬ್ರೌಸರ್‌ಗೆ ಮೆಸೇಜ್ ತಕ್ಷಣ ತಲುಪುವ ದಾರಿ ಸಿಕ್ಕಿತು. ಈಗ ಹೆಚ್ಚಿನ ಕಂಪನಿಗಳ ಉತ್ತರಿಸುವ ಜಾಗ ಒಂದು ವೆಬ್ ಪುಟವೇ. ಡೌನ್‌ಲೋಡ್‌ಗೆ ಇಟ್ಟಿರುವ ಆ್ಯಪ್‌ಗಳಲ್ಲಿ ಎಷ್ಟೋ ಅದೇ ಪುಟವನ್ನು ಎಲೆಕ್ಟ್ರಾನ್ ಅನ್ನುವ ಚೌಕಟ್ಟಿನೊಳಗೆ ಕೂರಿಸಿದ್ದು. ಎಲೆಕ್ಟ್ರಾನ್‌ನವರು ಅಧಿಕೃತವಾಗಿ ಕೊಡುವುದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೆ ಮಾತ್ರ. ಲಿನಕ್ಸ್‌ಗೆ ಎಷ್ಟೋ ಕಂಪನಿಗಳು ಆ್ಯಪ್ ಕಟ್ಟುವ ಗೋಜಿಗೇ ಹೋಗುವುದಿಲ್ಲ, ಫ್ರೀಬಿಎಸ್‌ಡಿಯಂತೂ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಹುಡುಕುವಾಗ ನೋಡಬೇಕಾದ್ದು ಒಂದೇ: ಉತ್ತರಿಸುವ ಜಾಗ ಪೂರ್ತಿಯಾಗಿ ಬ್ರೌಸರ್‌ನಲ್ಲಿ ತೆರೆಯುತ್ತದೆಯಾ?

ಹಾಗಾದರೆ ಹೊಸ ಆವೃತ್ತಿಗಳು ಈಗಲೂ ಸಿಗುವಂಥ ಬ್ರೌಸರ್ ಇರಬೇಕು. ಅಂಗಡಿ ಕಂಪ್ಯೂಟರ್ ತೀರಾ ಹಳೆಯದು ಅಂದಿದ್ದೀರಿ. ಅದರಲ್ಲಿರುವುದು 32 ಬಿಟ್ ಮಿಂಟಾ ಅಂತ ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ನೋಡಿ. ಲಿನಕ್ಸ್‌ನ 32 ಬಿಟ್‌ಗೆ ಕ್ರೋಮ್ 2016ರಲ್ಲೇ ನಿಂತುಹೋಯಿತು, ಮಿಂಟ್‌ನವರು 2020ರಲ್ಲಿ 20ನೇ ಆವೃತ್ತಿಯಿಂದ ನಿಲ್ಲಿಸಿದರು, ಫೈರ್‌ಫಾಕ್ಸ್ 2025ರ 144ನೇ ಆವೃತ್ತಿಯೇ ಕೊನೆ ಅಂದಿದೆ. ಎಷ್ಟೋ ಸಲ ಯಂತ್ರ 64 ಬಿಟ್‌ದೇ ಆಗಿರುತ್ತದೆ, ಹಾಕಿದವರು 32 ಬಿಟ್ ಹಾಕಿರುತ್ತಾರೆ. ಹಾಗಿದ್ದರೆ 64 ಬಿಟ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿಸಿ, ಅದು ಹಗುರ. ಫ್ರೀಬಿಎಸ್‌ಡಿಯಲ್ಲಿ ಈ ತಲೆನೋವಿಲ್ಲ. ಫೈರ್‌ಫಾಕ್ಸ್, ಕ್ರೋಮಿಯಂ ಎರಡೂ ಅದರ ಪ್ಯಾಕೇಜ್‌ಗಳಲ್ಲೇ ಸಿಗುತ್ತವೆ.

ಈಗ ಯಾವುದನ್ನು ಹಾಕುವುದು ಅನ್ನುವ ಮಾತು. ಇವತ್ತೇ ಶುರು ಮಾಡಬೇಕು, ಸರ್ವರ್ ಗಿರ್ವರ್ ಬೇಡ ಅಂತಿದ್ದರೆ ಟಾಕ್.ಟು (tawk.to) ಅನ್ನುವ ಸೇವೆ ಇದೆ. ಡ್ಯಾಶ್‌ಬೋರ್ಡ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಎಷ್ಟು ಜನ ಬೇಕಾದರೂ ಉತ್ತರ ಕೊಡಬಹುದು, ಅದಕ್ಕೆ ದುಡ್ಡಿಲ್ಲ. ಅವರಿಗೆ ಆದಾಯ ಬರುವುದು ಉತ್ತರ ಕೊಡುವ ಜನರನ್ನು ಬಾಡಿಗೆಗೆ ಕೊಡುವುದರಿಂದ, ಚಾಟ್ ಪೆಟ್ಟಿಗೆಯ ಕೆಳಗಿನ ಅವರ ಹೆಸರು ತೆಗೆಸಲು ಜನ ಕಟ್ಟುವ ಹಣದಿಂದ. ಆ ಹೆಸರು ಕಂಡರೆ ನಿಮಗೇನೂ ತೊಂದರೆ ಇಲ್ಲ ಅಂದರೆ ಧಾರಾಳವಾಗಿ ಹಾಕಿಕೊಳ್ಳಿ. ಕ್ರಿಸ್ಪ್ ನೋಡಲು ಇನ್ನೂ ಚೆನ್ನಾಗಿದೆ, ಅದೂ ಬ್ರೌಸರ್‌ನಲ್ಲೇ. ಉಚಿತ ಪ್ಲಾನ್‌ನಲ್ಲಿ ಇಬ್ಬರು ಉತ್ತರಿಸಬಹುದು, ಅಂಗಡಿಯಲ್ಲಿ ನೀವು, ಮನೆಯಲ್ಲಿ ಮಗಳು ಅಂದರೆ ಸರಿಹೋಯಿತು.

ಆದರೂ ನನ್ನ ಆಯ್ಕೆ ಕೇಳಿದರೆ ನಾನು ಹೇಳುವುದು ಲೈವ್ ಹೆಲ್ಪರ್ ಚಾಟ್. ಅಪಾಚೆ ಲೈಸೆನ್ಸ್‌ನ ಮುಕ್ತ ತಂತ್ರಾಂಶ, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಡೇಟಾಬೇಸ್ ಇದ್ದರೆ ಸಾಕು. ಅಂದರೆ ನಿಮ್ಮ ವೆಬ್‌ಸೈಟ್ ಈಗ ಇರುವ ಹೋಸ್ಟಿಂಗ್‌ನಲ್ಲೇ, ಈಗಾಗಲೇ ವರ್ಷಕ್ಕೊಮ್ಮೆ ದುಡ್ಡು ಕಟ್ಟುತ್ತಿರುವ ಆ ಜಾಗದಲ್ಲೇ ಕೂರುತ್ತದೆ. ಹಲವು ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಕೆಲವು ಸೆಕೆಂಡಿಗೊಮ್ಮೆ ಸರ್ವರ್‌ಗೆ ಹೋಗಿ ಹೊಸ ಮೆಸೇಜ್ ಬಂದಿದೆಯಾ ಅಂತ ಕೇಳಿಕೊಂಡು ಬರುತ್ತದೆ, ಹಾಗಾಗಿ ಚೂರು ತಡ. ಕಾಫಿ ಪುಡಿ ಕೊಳ್ಳುವವರಿಗೆ ಆ ತಡ ಗೊತ್ತೇ ಆಗುವುದಿಲ್ಲ. ಮಾತುಕತೆಯೆಲ್ಲ ನಿಮ್ಮದೇ ಡೇಟಾಬೇಸ್‌ನಲ್ಲಿ ಉಳಿಯುತ್ತದೆ, ನಾಳೆ ಯಾವ ಕಂಪನಿಯೂ ಉಚಿತ ಪ್ಲಾನ್ ನಿಲ್ಲಿಸಿದೆವು ಅಂತ ಮೇಲ್ ಕಳಿಸುವುದಿಲ್ಲ. ಹಾಗೆ ಮೇಲ್ ಬಂದು, ಗ್ರಾಹಕರ ಜೊತೆಗಿನ ಹಳೆಯ ಮಾತುಕತೆಯನ್ನೆಲ್ಲ ಕಳೆದುಕೊಂಡ ಹೋಂಸ್ಟೇ ಮಾಲೀಕರೊಬ್ಬರನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಚಾಟ್‌ವೂಟ್ ಬಗ್ಗೆಯೂ ನಿಮಗೆ ಯಾರಾದರೂ ಹೇಳುತ್ತಾರೆ. ಒಳ್ಳೆಯ ತಂತ್ರಾಂಶ, ವಾಟ್ಸ್ಆ್ಯಪ್, ಇಮೇಲ್, ವೆಬ್ ಚಾಟ್ ಎಲ್ಲ ಒಂದೇ ಕಡೆ ತರುತ್ತದೆ. ಆದರೆ ರೂಬಿ ಆನ್ ರೈಲ್ಸ್, ಪೋಸ್ಟ್‌ಗ್ರೆಸ್, ರೆಡಿಸ್ ಎಲ್ಲ ಬೇಕು, ಅದಕ್ಕೆ ಪ್ರತ್ಯೇಕ ವಿಪಿಎಸ್ (ನಮಗಷ್ಟೇ ಬಿಟ್ಟುಕೊಡುವ ವರ್ಚುವಲ್ ಸರ್ವರ್) ತಿಂಗಳ ಬಾಡಿಗೆಗೆ ಹಿಡಿಯಬೇಕು. ಒಂದು ಅಂಗಡಿಗೆ ಅದು ಜಾಸ್ತಿಯಾಯಿತು. ಇನ್ನೊಂದು ಮಾತು: ಯಾವುದನ್ನೇ ಆಗಲಿ ಅಂಗಡಿಯ ಕಂಪ್ಯೂಟರ್‌ನಲ್ಲೇ ಸರ್ವರ್ ಮಾಡಿ ಇಡಬೇಡಿ. ಕರೆಂಟ್ ಹೋದ ಕೂಡಲೇ ಚಾಟ್ ಸತ್ತುಹೋಗುತ್ತದೆ.

ನಿಮ್ಮ ಮಗಳಿಗೆ ಇಷ್ಟವಾಗುವ ದಾರಿಯೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. 1999ರಲ್ಲಿ ಜಾಬರ್ ಹೆಸರಿನಲ್ಲಿ ಹೊರಬಂದು ಆಮೇಲೆ ಎಕ್ಸ್‌ಎಂಪಿಪಿ ಆದ ಮುಕ್ತ ಪ್ರೋಟೋಕಾಲ್ ಅದು, ಅಂದರೆ ಬೇರೆ ಬೇರೆ ಚಾಟ್ ಪ್ರೋಗ್ರಾಂಗಳು ಒಂದಕ್ಕೊಂದು ಮೆಸೇಜ್ ಕಳಿಸಲು ಪಾಲಿಸುವ ನಿಯಮ. ಸರ್ವರ್‌ನಲ್ಲಿ ಪ್ರೊಸೋಡಿ, ವೆಬ್ ಪುಟದಲ್ಲಿ ಕಾನ್ವರ್ಸ್ ಜೆಎಸ್, ಬಂದವರು ಹೆಸರು ನೋಂದಾಯಿಸದೆ ಅನಾಮಿಕವಾಗಿ ಒಳಗೆ ಬರುವ ಹಾಗೆ ಸೆಟಿಂಗ್. ಉತ್ತರಿಸುವವರು ಪಿಜಿನ್, ಗಾಜಿಮ್, ಡಿನೋ ಇಂಥ ಯಾವ ಚಾಟ್ ಪ್ರೋಗ್ರಾಂನಿಂದಲೂ ಉತ್ತರಿಸಬಹುದು. ಹೈಕು ಅನ್ನುವ ಅಪರೂಪದ ಆಪರೇಟಿಂಗ್ ಸಿಸ್ಟಂನಲ್ಲೂ ರೆಂಗಾ ಅಂತ ಒಂದು ಕ್ಲೈಂಟ್ ಇದೆ, ಬರೀ ಟರ್ಮಿನಲ್ ಇದ್ದರೆ ಪ್ರೊಫ್ಯಾನಿಟಿ ಇದೆ. ಬ್ರೌಸರ್ ಸರಿಯಾಗಿ ಓಡದ ಸಿಸ್ಟಂಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಆದರೆ ಸಿದ್ಧ ಉತ್ತರಗಳು, ಯಾರು ಯಾವ ಗ್ರಾಹಕರನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಲೆಕ್ಕ, ಇವೆಲ್ಲ ಅದರಲ್ಲಿ ಸಿಗುವುದಿಲ್ಲ. ಒಬ್ಬರೇ ಕೂತು ಉತ್ತರಿಸುವುದಾದರೆ ಪರವಾಗಿಲ್ಲ, ನಿಮ್ಮಂಥ ಅಂಗಡಿಗೆ ನಾನು ಹೇಳುವುದಿಲ್ಲ.

ಇನ್ನು ನಿಜವಾಗಿ ಕೈಕೊಡುವ ಜಾಗಕ್ಕೆ ಬರೋಣ. ಬ್ರೌಸರ್‌ನಲ್ಲಿ ಚಾಟ್ ಇಟ್ಟುಕೊಂಡವರು ಹೇಳುವ ದೂರು ಸಾಮಾನ್ಯವಾಗಿ ಒಂದೇ, "ಮೆಸೇಜ್ ಬಂದಿದ್ದೇ ಗೊತ್ತಾಗಲಿಲ್ಲ". 2018ರಲ್ಲಿ ಕ್ರೋಮ್, ಮರುವರ್ಷ ಫೈರ್‌ಫಾಕ್ಸ್, ನೀವು ಮುಟ್ಟದ ಪುಟ ತಾನಾಗಿ ಸದ್ದು ಮಾಡುವುದನ್ನು ತಡೆದವು. ಬೆಳಿಗ್ಗೆ ಕಂಪ್ಯೂಟರ್ ಆನ್ ಆಗಿ ಚಾಟ್ ಪುಟ ತಾನಾಗಿ ತೆರೆದುಕೊಂಡಿರುತ್ತದೆ, ಯಾರೂ ಅದರ ಮೇಲೆ ಒಂದು ಕ್ಲಿಕ್ ಮಾಡಿರುವುದಿಲ್ಲ, ಮೊದಲ ಗ್ರಾಹಕರು ಬಂದಾಗ ಗಂಟೆ ಬಾರಿಸುವುದೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಕ್ಕದ ಬೀಗದ ಗುರುತು ಒತ್ತಿ, ಆ ಸೈಟಿಗೆ ಆಟೋಪ್ಲೇಯಲ್ಲಿ ಆಡಿಯೊ ಮತ್ತು ವಿಡಿಯೊ ಎರಡಕ್ಕೂ ಅನುಮತಿ ಕೊಡಿ. ನೋಟಿಫಿಕೇಶನ್‌ಗೂ ಅಲ್ಲೇ ಅನುಮತಿ ಕೊಡಿ. ಕ್ರೋಮ್ ಆದರೆ ಮೆಮೊರಿ ಸೇವರ್‌ನಲ್ಲಿ ಚಾಟ್ ಸೈಟನ್ನು ಯಾವಾಗಲೂ ಎಚ್ಚರವಾಗಿಡುವ ಪಟ್ಟಿಗೆ ಸೇರಿಸಿ, ಇಲ್ಲದಿದ್ದರೆ ನೀವು ಬೇರೆ ಕೆಲಸದಲ್ಲಿರುವಾಗ ಆ ಟ್ಯಾಬನ್ನು ಅದು ಮಲಗಿಸಿಬಿಡುತ್ತದೆ. ಟ್ಯಾಬ್ ಪಿನ್ ಮಾಡಿ, ಬ್ರೌಸರ್ ಸ್ಟಾರ್ಟಪ್‌ಗೆ ಸೇರಿಸಿ, ಕಂಪ್ಯೂಟರ್ ತಾನಾಗಿ ಸಸ್ಪೆಂಡ್ ಆಗುವುದನ್ನು ಪವರ್ ಸೆಟಿಂಗ್‌ನಲ್ಲಿ ನಿಲ್ಲಿಸಿ. ಫ್ರೀಬಿಎಸ್‌ಡಿ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಎಫ್‌ಸಿಇಯಂಥ ಡೆಸ್ಕ್‌ಟಾಪ್ ಇದ್ದರೆ ನೋಟಿಫಿಕೇಶನ್ ತಾನಾಗಿ ಬರುತ್ತದೆ. ಮಗಳು ಪೂರ್ತಿ ಡೆಸ್ಕ್‌ಟಾಪ್ ಇಲ್ಲದೆ ಬರೀ ವಿಂಡೋ ಮ್ಯಾನೇಜರ್ ಹಾಕಿಕೊಂಡಿದ್ದರೆ ನೋಟಿಫಿಕೇಶನ್ ತೋರಿಸುವ ಡನ್‌ಸ್ಟ್ ಹಾಕಿಕೊಳ್ಳಲು ಹೇಳಿ.

ಆಮೇಲೆ ಕನ್ನಡ. ಗ್ರಾಹಕರು ಕನ್ನಡದಲ್ಲೇ ಕೇಳುತ್ತಾರೆ, "ಚಿಕೋರಿ ಎಷ್ಟು ಪರ್ಸೆಂಟ್ ಹಾಕ್ತೀರಾ", "ಪೀಬೆರಿ ಸಿಗುತ್ತಾ", "ಅರ್ಧ ಕೇಜಿ ಪುಡಿ ಮಾಡಿ ಕಳಿಸಿ" ಅಂತ. ಸ್ವಂತ ಹೋಸ್ಟಿಂಗ್‌ನಲ್ಲಿ ಚಾಟ್ ಹಾಕಿದಾಗ ಡೇಟಾಬೇಸ್ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ (ಎನ್‌ಕೋಡಿಂಗ್) ಉಳಿಸುತ್ತದೆ ಅಂತ ನೋಡಲೇಬೇಕು. ಹೋಂಸ್ಟೇಯೊಂದರ ಸೈಟ್‌ನಲ್ಲಿ ಹಿಂದೆ ಯಾರೋ ಹಾಕಿಟ್ಟಿದ್ದ ಹಳೆಯ ಚಾಟ್ ಇತ್ತು, ಅದರ ಟೇಬಲ್ ಕನ್ನಡ ಹಿಡಿಸದ ಲ್ಯಾಟಿನ್-1ರಲ್ಲಿ. "ರೂಮ್ ಖಾಲಿ ಇದೆಯಾ" ಅಂತ ಬರೆದವರ ಮೆಸೇಜ್ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂದು ಕೂತಿತ್ತು. ಅದನ್ನು ಯುಟಿಎಫ್-8ಕ್ಕೆ ಬದಲಿಸಿದ ಮೇಲೆ ಕನ್ನಡ ಬಂತು, ಆದರೂ ಕೆಲವರ ಮೆಸೇಜ್ ಅರ್ಧಕ್ಕೇ ತುಂಡಾಗುತ್ತಿತ್ತು. ಕಾರಣ ಇದು: ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೆ 3 ಬೈಟ್ ಬೇಕು, ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್-8ರಲ್ಲಿ ಹಿಡಿಸುವುದೂ ಅಷ್ಟೇ. ಇಮೋಜಿಗೆ 4 ಬೈಟ್ ಬೇಕು. ಕೈಮುಗಿಯುವ ಇಮೋಜಿ ಬಂದಲ್ಲಿಗೆ ಮೆಸೇಜ್ ನಿಂತು, ಅದರ ಮುಂದೆ ಬರೆದಿದ್ದ ತಾರೀಖು, ಎಷ್ಟು ಜನ ಅನ್ನುವುದೆಲ್ಲ ಮಾಯವಾಗುತ್ತಿತ್ತು. ಟೇಬಲ್‌ಗಳನ್ನು ಯುಟಿಎಫ್8ಎಂಬಿ4ಕ್ಕೆ ಬದಲಿಸಿದ ಮೇಲೆ ಸರಿಯಾಯಿತು. ನೀವು ಹೊಸದಾಗಿ ಡೇಟಾಬೇಸ್ ಮಾಡುವಾಗಲೇ ಇದನ್ನು ಆರಿಸಿಕೊಳ್ಳಿ.

ಕನ್ನಡ ಟೈಪ್ ಮಾಡಲು ಎರಡೂ ಸಿಸ್ಟಂನಲ್ಲಿ ಏನೂ ಕೊಳ್ಳಬೇಕಿಲ್ಲ. ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲಿ ಇಂಡಿಯನ್ ಒಳಗೆ ಕನ್ನಡ ಕಗಪ ಅಂತ ಇರುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಕೈ ಬೇಗ ಕೂರುತ್ತದೆ. ಫಾಂಟ್ ಬೇಕಾದರೆ ಮಿಂಟ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಪ್ಯಾಕೇಜ್ ಆಗಿಯೇ ಸಿಗುತ್ತವೆ.

ಮಳೆಗಾಲದ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ. ಜುಲೈನಲ್ಲಿ ಗಾಳಿ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಇಳಿಯುತ್ತದೆ. ಬೆಂಗಳೂರಿನಲ್ಲಿ ಕೂತ ಗ್ರಾಹಕರಿಗೆ ಅದು ತಿಳಿಯುವುದಿಲ್ಲ. ಅವರು ಕೇಳಿ, ಕಾದು, ಪುಟ ಮುಚ್ಚಿ ಹೋಗುತ್ತಾರೆ. ಹಾಗಾಗಿ ನೀವು ಆಫ್‌ಲೈನ್ ಇದ್ದಾಗ ಚಾಟ್ ಪೆಟ್ಟಿಗೆ ತಾನಾಗಿ ಫಾರಂ ಆಗಿ ಬದಲಾಗುವ ಸೌಲಭ್ಯ ಇದೆಯಾ ನೋಡಿ. ಲೈವ್ ಹೆಲ್ಪರ್ ಚಾಟ್, ಟಾಕ್.ಟು ಎರಡರಲ್ಲೂ ಇದೆ. ಫಾರಂನಲ್ಲಿ ಹೆಸರು, ಫೋನ್ ನಂಬರ್, ಏನು ಬೇಕು, ಇಷ್ಟೇ ಕೇಳಿ. ಮೇಲೆ ಎರಡು ಸಾಲು ಬರೆಯಿರಿ: "ಮಳೆಯಿಂದ ನೆಟ್‌ವರ್ಕ್ ಇಲ್ಲದಿರಬಹುದು. ನಂಬರ್ ಬಿಟ್ಟಿರಿ, ನಾವೇ ಫೋನ್ ಮಾಡುತ್ತೇವೆ." ಇಷ್ಟು ಕಂಡರೆ ಜನ ಕಾಯುತ್ತಾರೆ, ನಮ್ಮ ಕಡೆಯ ಹೋಂಸ್ಟೇಗಳಲ್ಲಿ ನೋಡಿದ್ದೇನೆ. ಹಾಗೆ ತೆಗೆದುಕೊಂಡ ನಂಬರ್‌ಗೆ ಆಮೇಲೆ ಹಬ್ಬದ ಆಫರ್ ಕಳಿಸಲು ಹೋಗಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾವ ಕೆಲಸಕ್ಕೆ ಒಪ್ಪಿ ಕೊಟ್ಟರೋ ಆ ಕೆಲಸಕ್ಕಷ್ಟೇ ಬಳಸಬೇಕು.

ಎಲ್ಲ ಹಾಕಿದ ಮೇಲೆ ಪರೀಕ್ಷೆ ಮಾಡುವಾಗ ಅಂಗಡಿಯ ವೈಫೈಯಲ್ಲೇ ಮಾಡಬೇಡಿ. ಮನೆಯವರ ಯಾರದಾದರೂ ಫೋನ್‌ನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಬ್ರೌಸರ್‌ನ ಪ್ರೈವೇಟ್ ಕಿಟಕಿಯಲ್ಲಿ ನಿಮ್ಮ ಸೈಟ್ ತೆರೆದು ಕನ್ನಡದಲ್ಲಿ ಒಂದು ಮೆಸೇಜ್ ಹಾಕಿಸಿ, ನಡುವೆ ಒಂದು ಇಮೋಜಿಯೂ ಇರಲಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಆಗ ಬೇರೆ ಟ್ಯಾಬ್ ತೆರೆದಿರಲಿ. ಗಂಟೆ ಕೇಳಿಸಬೇಕು, ಮೆಸೇಜ್ ಪೂರ್ತಿ ಬಂದಿರಬೇಕು. ಆಮೇಲೆ ಅಂಗಡಿಯ ಕಂಪ್ಯೂಟರ್‌ನ ಇಂಟರ್ನೆಟ್ ತೆಗೆದು, ಫೋನ್‌ನಲ್ಲಿ ಫಾರಂ ಬರುತ್ತದೆಯಾ ಅಂತಲೂ ನೋಡಿ.

ನಿಮ್ಮ ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪಿಎಚ್‌ಪಿಯ ಯಾವ ಆವೃತ್ತಿ ಇದೆ, ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ಸರ್ವರ್‌ನಲ್ಲಿ ತಾನಾಗಿ ಓಡುವ ಕೆಲಸ) ಹಾಕಲು ಬಿಡುತ್ತಾರಾ, ಇವೆರಡನ್ನು ನೋಡಿ ಇಲ್ಲೇ ಕೆಳಗೆ ಬರೆಯಿರಿ. ಅದರ ಮೇಲೆ ಲೈವ್ ಹೆಲ್ಪರ್ ಚಾಟ್ ಹಾಕುವ ಹಂತಗಳನ್ನು ನಿಮ್ಮ ಹೋಸ್ಟಿಂಗ್‌ಗೆ ಹೊಂದುವ ಹಾಗೆ ಬರೆದುಕೊಡುತ್ತೇನೆ.