ಮಳೆ ಲೆಕ್ಕದ ಅರ್ಧ ಪುಟ ಯಾಕೆ ಬೇಕು ಅಂದ್ರೆ

ಓದುಗರ ಪತ್ರ (ಕಾರವಾರದಿಂದ, ಚಿಕ್ಕದು ಮಾಡಿ ಹಾಕಿದ್ದೇವೆ): "ಪ್ರತಿ ಮಳೆಗಾಲದಲ್ಲೂ ನಿಮ್ಮ ಪತ್ರಿಕೆ ತಾಲೂಕುವಾರು ಮಳೆ ಲೆಕ್ಕಕ್ಕೆ ಅರ್ಧ ಪುಟ ಹಾಳು ಮಾಡ್ತದೆ. ನಮಗೆ ಮಳೆ ಅಂದ್ರೆ ಶಾಲೆಗೆ ರಜೆ, ಕರೆಂಟ್ ಇಲ್ಲ, ಹೈವೇ ಬಂದ್, ಅಷ್ಟೇ. ದೇಶ ಈಗ ಸಾಫ್ಟ್‌ವೇರ್, ಫ್ಯಾಕ್ಟರಿ ಮೇಲೆ ನಡೀತಾ ಇದೆ, ಕೃಷಿ ಪಾಲು ಐದರಲ್ಲಿ ಒಂದಂಶವೂ ಇಲ್ಲ. ಆ ಜಾಗದಲ್ಲಿ ಹುಡುಗರಿಗೆ ಉದ್ಯೋಗದ ಮಾಹಿತಿ ಹಾಕಿ."

ಸಂಪಾದಕರ ಉತ್ತರ:

ನಮಸ್ಕಾರ. ಪತ್ರದಲ್ಲಿ ಸಿಟ್ಟಿದೆ, ಅಡ್ಡಿಲ್ಲ, ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಕೂತು ಬರೆದವರಿಗೆ ಸಿಟ್ಟು ಬರದೇ ಇರೋದು ಕಷ್ಟ, ಒಣಗದ ಬಟ್ಟೆ ವಾಸನೆ ಒಂದೇ ಸಾಕು. ಆದ್ರೆ ಮಳೆ ಬಂದ್ರೇನು ಬಿಟ್ರೇನು ಅನ್ನೋ ಧಾಟಿ ಇದೆಯಲ್ಲ, ಅದನ್ನ ಮಾತ್ರ ಹಾಗೇ ಬಿಡೋಕಾಗಲ್ಲ.

ಮೊದಲು ನಿಮ್ಮ ಲೆಕ್ಕಕ್ಕೇ ಬರ್ತೇನೆ. ದೇಶದ ಆದಾಯದಲ್ಲಿ ಕೃಷಿ ಪಾಲು ನೂರಕ್ಕೆ 18ರ ಆಸುಪಾಸು, ಸರಿ. ಆ 18 ರೂಪಾಯಿ ಹಂಚ್ಕೊಳ್ಳೋ ಕೈಗಳು ಎಷ್ಟು ನೋಡಿ, ದುಡಿಯೋ ನೂರು ಮಂದೀಲಿ 45ರ ಆಸುಪಾಸು ಜನ ಇನ್ನೂ ಹೊಲ-ತೋಟದಲ್ಲೇ ಇದಾರೆ, ಬಿತ್ತನೆ ಆಗೋ ಜಮೀನಲ್ಲಿ ಹತ್ರಹತ್ರ ಅರ್ಧಕ್ಕೆ ಆಕಾಶವೇ ನೀರಾವರಿ. ಅವರ ಕೈಲಿ ದುಡ್ಡು ಓಡಾಡದಿದ್ರೆ ಬೈಕ್ ಶೋರೂಮು, ಮೊಬೈಲ್ ಅಂಗಡಿ, ಸಿಮೆಂಟು, ಮದುವೆ ಬಂಗಾರ ಎಲ್ಲಾ ತಣ್ಣಗೆ ಕೂರ್ತವೆ, ನೀವು ಹೇಳೋ ಫ್ಯಾಕ್ಟರಿ ಮಾಲು ಕೊಳ್ಳೋರು ಯಾರು ಮತ್ತೆ?

2023 ಮರೆತಿಲ್ಲ ಅಂದ್ಕೊಂಡಿದೀನಿ. ಎಲ್ ನಿನೋ ವರ್ಷ ಅದು, ಅಂದ್ರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಸೊರಗೋ ಅಂಥ ವರ್ಷ. ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ, ಆಮೇಲೆ ಆಗಸ್ಟ್ ಬಂತು ನೋಡಿ, 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ನಾಲ್ಕು ತಿಂಗಳ ಒಟ್ಟು ಲೆಕ್ಕ ತೆಗೆದ್ರೆ ಕಮ್ಮಿ ಆಗಿದ್ದು ನೂರಕ್ಕೆ ಬರೀ ಆರು, ಪೇಪರಲ್ಲಿ ನೋಡಿದ್ರೆ ಏನೂ ಆಗಿಲ್ಲ ಅನ್ಸತ್ತೆ, ಆದ್ರೆ ಕರ್ನಾಟಕದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಅಂತ ಹಿರಿಯರು ಹೇಳಿದ್ದು ಇದೇ ಆಗಸ್ಟ್ ಕೊನೆಯ ಮಳೆಗೆ. ಆ ವರ್ಷ ಜುಲೈನಲ್ಲೇ ಟೊಮೆಟೊ ದೆಸೆಯಿಂದ ಹಣದುಬ್ಬರ ನೂರಕ್ಕೆ 7.44ಕ್ಕೆ ಹಾರಿತ್ತು, ಅಕ್ಕಿ ಎಲ್ಲಿ ಕಮ್ಮಿ ಬೀಳತ್ತೋ ಅಂತ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತನ್ನೇ ನಿಲ್ಲಿಸಿಬಿಡ್ತು, ಹೊರದೇಶದ ಅಂಗಡಿಗಳಲ್ಲೂ ಅಕ್ಕಿ ತುಟ್ಟಿ ಆಯ್ತು. ನಮ್ಮಂಥ ಉಷ್ಣವಲಯದ ದೇಶದ ಪಾಡು ಇದು, ವರ್ಷದ ಮಳೇಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಮುಗೀಬೇಕು, ಆ ನಾಲ್ಕು ತಿಂಗಳಲ್ಲಿ ಮೂರು ವಾರ ಗೈರುಹಾಜರಾದ್ರೂ ಎಲ್ಲಾ ಎಡವಟ್ಟು.

ಕರೆಂಟ್ ಬಗ್ಗೆ. ಮರ ಬಿದ್ದು ಲೈನ್ ಹರಿಯೋದಕ್ಕೆ ಬೈರಿ, ನಾನೂ ಬೈತೇನೆ. ಆದ್ರೆ ಆ ಲೈನಲ್ಲಿ ಹರಿಯೋದು ಏನು ಮಾರಾಯ್ರೆ? ಲಿಂಗನಮಕ್ಕಿ ಜಲಾಶಯದ ನೀರು ನಂಬ್ಕೊಂಡ ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟ್. ಈಚೆ ಕಾಳಿ ಹೊಳೆ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳು ಸಾಲಾಗಿ ಕೂತಿವೆ, ಮಳೆಗೂ ತನಗೂ ಸಂಬಂಧ ಇಲ್ಲ ಅನ್ನೋ ಹಾಗೆ ಕಾಣೋ ಕೈಗಾ ಅಣು ಸ್ಥಾವರಕ್ಕೂ ತಂಪು ಮಾಡೋ ನೀರು ಕದ್ರಾ ಹಿನ್ನೀರಿಂದಲೇ ಹೋಗ್ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸಿನ ಎಸಿಯಲ್ಲಿ ಕಾಳಿ ಹುಟ್ಟೋ ಜೋಯಿಡಾದ ಮಳೆ ಸ್ವಲ್ಪ ಇದ್ದೇ ಇದೆ.

ಇನ್ನು ನಿಮ್ಮೂರಿನ ಮೀನು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಇಳಿಯೋ ಹಾಗಿಲ್ಲ, ಅದು ಬರೀ ಗಾಳಿ ಭಯಕ್ಕಲ್ಲ, ಸುಮಾರು ಮೀನು ಮೊಟ್ಟೆ ಇಡೋ ಕಾಲವೂ ಅದೇ. ಮುಂಗಾರು ಗಾಳಿಗೆ ಅರಬ್ಬಿ ಸಮುದ್ರದ ತಳದ ತಣ್ಣೀರು ದಂಡೆ ಹತ್ರ ಮೇಲೆ ಬರತ್ತೆ, ಅದರ ಜೊತೆ ಸಾರವೂ ಬರತ್ತೆ, ಹೊಳೆಗಳು ಘಟ್ಟದಿಂದ ಹೊತ್ತು ತಂದಿದ್ದೂ ಸೇರತ್ತೆ, ಅದನ್ನ ತಿಂದು ಹುಟ್ಟೋ ಸೂಕ್ಷ್ಮ ಪಾಚಿ ಮೇಲೆ ತಾರ್ಲೆ, ಬಂಗಡೆ ಎಲ್ಲಾ ಬದುಕೋದು. ಆಗಸ್ಟ್ ನಂತರ ಪೇಟೆಗೆ ಬರೋ ಬಂಗಡೆ ರೇಟು ಈ ಎರಡು ತಿಂಗಳಲ್ಲೇ ತೀರ್ಮಾನ ಆಗ್ತಾ ಇರತ್ತೆ, ನಮಗೆ ಕಾಣಲ್ಲ ಅಷ್ಟೇ.

ಅಘನಾಶಿನಿ ಹೊಳೆ ಸಮುದ್ರ ಸೇರೋ ಕುಮಟಾ ಕಡೆ ಗಜನಿ ಗದ್ದೆ ನೋಡಿದೀರಾ? ಬೇಸಿಗೆ ಪೂರ್ತಿ ಉಪ್ಪುನೀರು ಕುಡಿದ ಮಣ್ಣು. ಜೂನ್ ಮಳೆ ಬಂದು ಆ ಉಪ್ಪು ತೊಳೆದ ಮೇಲೇ ಕಗ್ಗ ಅನ್ನೋ ಭತ್ತದ ಬೀಜ ಎರಚೋದು, ಗೊಬ್ಬರ ಇಲ್ಲ ಔಷಧ ಇಲ್ಲ, ನೆರೆ ಬಂದು ಮುಳುಗಿದ್ರೂ ತಡ್ಕೊಳ್ಳತ್ತೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ. ಮಳೆ ಹದಿನೈದು ದಿನ ತಡ ಆದ್ರೆ ಉಪ್ಪು ಹೋಗಲ್ಲ, ಬೀಜ ಮೇಲೇಳಲ್ಲ. ಅತ್ಲಾಗೆ ಉಪ್ಪು ತೆಗೆಯೋ ಸಾಣಿಕಟ್ಟೆಯಲ್ಲಿ ಉಲ್ಟಾ, ಮೇ ತಿಂಗಳಲ್ಲಿ ಒಂದು ಅಕಾಲ ಮಳೆ ಬಿದ್ರೆ ಉಪ್ಪಿನ ಪಾತಿ ಕರಗಿ ಹೋಯ್ತು.

ಶಿರಸಿ ಕಡೆ ಅಡಿಕೆ ತೋಟದವರಿಗೆ ಇದನ್ನ ಹೇಳೋದೇ ಬೇಡ. ಮಳೆ ಹಿಡಿಯೋ ಮುಂಚೆ ಒಂದು ಸಲ ಕೊಳೆ ರೋಗಕ್ಕೆ ಮದ್ದು ಹೊಡೀಬೇಕು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ಹದ ಸರಿ ಬಂತಾ ನೋಡೋಕೆ ಕಬ್ಬಿಣದ ಕತ್ತಿ ತುದಿ ಅದ್ದಿ ತೆಗೀತಾರೆ, ಕತ್ತಿಗೆ ಕೆಂಪಗೆ ತಾಮ್ರ ಹತ್ತಿದ್ರೆ ಸುಣ್ಣ ಸಾಲ್ದು ಅಂತ ಅರ್ಥ. ಎರಡನೇ ಸಲದ ಮದ್ದು ಬರೋದು ಸರಿಯಾಗಿ ಜುಲೈ ಮಧ್ಯೆ, ಹೊಡೆದ ಮೇಲೆ ಒಂದೆರಡು ತಾಸಾದ್ರೂ ಮಳೆ ಬಿಟ್ಟು ಹೊಳವಾಗಬೇಕು, ಇಲ್ಲಾಂದ್ರೆ ಮದ್ದು ಅಡಿಕೆ ಗೊನೆಗೆ ಹತ್ತೋ ಬದಲು ತೊಳೆದು ಬುಡಕ್ಕೆ ಹೋಯ್ತು. ಮರ ಹತ್ತೋ ಕೊನೆಗೌಡರು ಸಿಗೋದು ಒಂದು ದಿನ, ಹೊಳವು ಸಿಗೋದು ಇನ್ನೊಂದು ದಿನ. ತಪ್ಪಿತೋ, ಕೊಳೆ ರೋಗ ಬಂದು ಹಸಿ ಅಡಿಕೆ ಮರದ ಬುಡದಲ್ಲಿ ಚೆಲ್ಲಾಡ್ತದೆ. ಈ ತೋಟದವರಿಗೆ ಒಟ್ಟು ಎಷ್ಟು ಮಿಲಿಮೀಟರ್ ಬಂತು ಅನ್ನೋದು ಆಮೇಲಿನ ಮಾತು, ಯಾವ ದಿನ ಬಂತು, ಎಷ್ಟು ಹೊತ್ತು ಬಿಡ್ತು ಅನ್ನೋದು ಮೊದಲ ಮಾತು.

ಹೈವೇ ಬಂದ್ ಆಗೋದಕ್ಕೆ ಮಳೆಯನ್ನೊಂದೇ ಕಟಕಟೆಗೆ ನಿಲ್ಲಿಸಬೇಡಿ. ಕರಾವಳಿಗೆ ಮೂರು ಸಾವಿರ ಮಿಲಿಮೀಟರ್ ಮಳೆ ಹೊಸದಲ್ಲ, ದೇಶದ ಮುಂಗಾರಿನ ಸರಾಸರಿ 870 ಮಿಲಿಮೀಟರ್, ನಮಗೆ ಅದರ ಮೂರು ಪಟ್ಟು ಮೀರಿ ಸುರೀತಾ ಬಂದಿದೆ. ಇಳಿಜಾರಿನ ಕಾಲು ಕಡಿದು ಗೋಡೆ ಹಾಗೆ ನೆಟ್ಟಗೆ ನಿಲ್ಲಿಸಿದ್ರೆ ನೀರು ಕುಡಿದ ಗುಡ್ಡ ಎಲ್ಲಿಗೆ ಹೋಗ್ಬೇಕು? 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೇ ಬಿತ್ತು, ಆಚೆ ದಡದ ಉಳುವರೆ ಮನೆಗಳಿಗೂ ನೀರು ನುಗ್ತು.

ಇಲ್ಲೇ ಸಿದ್ದಾಪುರದ ಕತ್ತಲೆಕಾನು ಕಡೆ ಹೋಗಿ, ರಾಂಪತ್ರೆ ಜಡ್ಡಿ ಅನ್ನೋ ಜೌಗು ಕಾಡಿದೆ, ಕೆಸರಲ್ಲಿ ಮೊಣಕಾಲು ಮಡಚಿದ ಹಾಗೆ ಬೇರು ಮೇಲೆದ್ದು ನಿಂತ ಮರಗಳು, ಮಾರ್ಚ್ ಏಪ್ರಿಲ್‌ನಲ್ಲೂ ಬುಡದಲ್ಲಿ ನೀರು. ಅದೇ ಮಳೆ, ಅದೇ ಘಟ್ಟ. ಒಂದು ಕಡೆ ಕಾಡು ಹಿಡಿದಿಟ್ಕೊಂಡು ಸ್ವಲ್ಪ ಸ್ವಲ್ಪ ಬಿಡ್ತದೆ, ಇನ್ನೊಂದು ಕಡೆ ನಾವು ಎರಡು ತಾಸಲ್ಲಿ ಸಮುದ್ರಕ್ಕೆ ಕಳಿಸಿ ಏಪ್ರಿಲ್ ಬಂತು ಅಂದ್ರೆ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡ್ತೇವೆ. ಹೊಳೆ ಬಾಯಿ ಹತ್ರದ ಊರುಗಳಲ್ಲಿ ಬಾವಿ ನೀರು ಉಪ್ಪಾಗೋದೂ ಆಗಲೇ, ಮೇಲಿಂದ ಸಿಹಿನೀರಿನ ಒತ್ತಡ ಕಮ್ಮಿ ಆದ ಹಾಗೆ ಉಪ್ಪುನೀರು ಒಳಗೆ ಬರತ್ತೆ.

ಹಾಗಾಗಿ ಅರ್ಧ ಪುಟ ತೆಗೆಯೋದಿಲ್ಲ. ಉದ್ಯೋಗದ ಮಾಹಿತಿ ಕೇಳಿದ್ದು ನ್ಯಾಯವೇ, ಅದಕ್ಕೆ ಕೊನೆ ಪುಟದ ಜಾಹೀರಾತು ಸ್ವಲ್ಪ ಒತ್ತರಿಸಿ ಜಾಗ ಮಾಡ್ತೇವೆ, ಮ್ಯಾನೇಜರ್ ಮುಖ ಸಿಂಡರಿಸಿದಾರೆ, ಇರಲಿ. ಆದ್ರೆ ನಿಮ್ಮ ಪತ್ರ ಓದಿದ ಮೇಲೆ ಪಟ್ಟಿಯಲ್ಲೊಂದು ಬದಲಾವಣೆ ಮಾಡ್ತಾ ಇದೀವಿ, ಬರೀ ಮಿಲಿಮೀಟರ್ ಹಾಕಿದ್ರೆ ಯಾರಿಗೂ ಏನೂ ತಿಳಿಯಲ್ಲ ಅನ್ನೋದು ನಿಜ, ಮುಂದಿನ ಸಂಚಿಕೆಯಿಂದ ಎಷ್ಟು ದಿನ ಮಳೆ ಬಂತು, ಎಷ್ಟು ದಿನ ಹೊಳವಿತ್ತು ಅನ್ನೋದೂ ಇರತ್ತೆ, ಜೊತೆಗೆ ಓದುಗರ ಬಾವಿಯ ನೀರಿನ ಮಟ್ಟ. ಕಾರವಾರದ ಸಾಲು ಇನ್ನೂ ಖಾಲಿ ಇದೆ. ನಿಮ್ಮ ಮನೇಲಿ ಬಾವಿ ಇದ್ರೆ ತಿಂಗಳಿಗೊಂದು ಸಲ ಹಗ್ಗ ಬಿಟ್ಟು ಅಳೆದು ಬರೆದು ಕಳಿಸಿ, ಪೋಸ್ಟ್‌ಕಾರ್ಡ್ ಸಾಕು.