ಟೈಫಾಯ್ಡ್‌ಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್: ಮನೆಯಲ್ಲೇ ಹಾಕಿಸಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತಾಯಿಗೆ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಟೈಫಾಯ್ಡ್ ಖಚಿತವಾಗಿದೆ. ಡಾಕ್ಟರು ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ 2 ಗ್ರಾಂ, ದಿನಕ್ಕೊಮ್ಮೆ, 10 ದಿನ ಬರೆದಿದ್ದಾರೆ. ಆಸ್ಪತ್ರೆಯಲ್ಲಿ ಎರಡು ಡೋಸ್ ಆದರೂ ಜ್ವರ ಇಳಿದಿಲ್ಲ. ಉಳಿದದ್ದನ್ನು ನರ್ಸ್ ಒಬ್ಬರು ಮನೆಗೇ ಬಂದು ಹಾಕುತ್ತಾರಂತೆ. ಹಿಂದೊಮ್ಮೆ ಪೆನಿಸಿಲಿನ್‌ಗೆ ಮೈಮೇಲೆ ದದ್ದು ಎದ್ದಿತ್ತು.

ಮೊದಲು ಜ್ವರದ ಮಾತು. ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಹಿಡಿಯುತ್ತದೆ. ಎರಡನೇ ದಿನಕ್ಕೇ "ಈ ಇಂಜೆಕ್ಷನ್ ಹಿಡೀತಿಲ್ಲ, ಇನ್ನೂ ಪವರ್‌ಫುಲ್ ಬೇಕು" ಎಂದು ಡಾಕ್ಟರನ್ನು ಒತ್ತಾಯಿಸಬೇಡಿ. ಕಲ್ಚರ್ ರಿಪೋರ್ಟಿನ ಸೆನ್ಸಿಟಿವಿಟಿ ಪಟ್ಟಿಯಲ್ಲಿ ಸೆಫ್ಟ್ರಿಯಾಕ್ಸೋನ್ ಮುಂದೆ 'ಎಸ್' (ರೋಗಾಣು ಔಷಧಿಗೆ ಬಗ್ಗುತ್ತದೆ) ಇದ್ದರೆ ಧೈರ್ಯವಾಗಿ ಮುಂದುವರಿಸಿ. 'ಆರ್' (ಬಗ್ಗುವುದಿಲ್ಲ) ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಈ ಔಷಧಿಗೆ ಬಗ್ಗದ ಟೈಫಾಯ್ಡ್ 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ದೊಡ್ಡದಾಗಿ ಹರಡಿದೆ. ವಿಡಾಲ್ ಎಂಬ ರಕ್ತಪರೀಕ್ಷೆ ಒಂದನ್ನೇ ನೆಚ್ಚದೆ ಕಲ್ಚರ್ ಮಾಡಿಸಿದ್ದು ಬಹಳ ಒಳ್ಳೆಯದಾಯಿತು.

ಪೆನಿಸಿಲಿನ್ ದದ್ದಿನ ವಿಷಯ. ಎರಡೂ ಒಂದೇ ಬಳಗದ ಔಷಧಿಗಳಾದರೂ, ಪೆನಿಸಿಲಿನ್ ಆಗದ ನೂರು ಜನರಲ್ಲಿ ಸೆಫ್ಟ್ರಿಯಾಕ್ಸೋನ್ ಕೂಡ ಆಗದವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಬರೀ ದದ್ದಾಗಿದ್ದರೆ, ಈಗಾಗಲೇ ಎರಡು ಡೋಸ್ ತೊಂದರೆಯಿಲ್ಲದೆ ಆಗಿರುವುದರಿಂದ ಅಪಾಯ ಇನ್ನೂ ಕಡಿಮೆ. ಆದರೆ ಆಗ ಮುಖ ಊದಿಕೊಂಡಿತ್ತು, ಉಸಿರು ಕಟ್ಟಿತ್ತು, ಅಥವಾ ಚರ್ಮ ಸುಲಿದಿತ್ತು ಎಂದಾದರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಮುಂಗೈ ಮೇಲೆ ಚುಚ್ಚಿ ನೋಡುವ ಟೆಸ್ಟ್ ಡೋಸ್ ನೆಗೆಟಿವ್ ಬಂತೆಂದು ಮೈಮರೆಯಬಾರದು. ಅದು ನೆಗೆಟಿವ್ ಇದ್ದವರಿಗೂ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿ ಆಗಬಹುದು.

ಮನೆಯಲ್ಲಿ ಹಾಕಿಸುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಒಂದು ಷರತ್ತಿದೆ. ಅನಾಫಿಲ್ಯಾಕ್ಸಿಸ್ ಆದರೆ ಕೊಡಲು ನರ್ಸ್ ಬ್ಯಾಗಿನಲ್ಲಿ ಅಡ್ರಿನಾಲಿನ್ ಆಂಪೂಲ್ ಇರಬೇಕು, ಅದನ್ನು ಕೊಡುವುದು ಅವರಿಗೆ ಗೊತ್ತಿರಬೇಕು. ದೊಡ್ಡವರಿಗೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪೂಲಿನಿಂದ ಅರ್ಧ ಮಿ.ಲೀ., ತೊಡೆಯ ಹೊರಮಗ್ಗುಲಿನ ಮಾಂಸಖಂಡಕ್ಕೆ. ಏವಿಲ್ (ಅಲರ್ಜಿ ಔಷಧಿ), ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಎಲ್ಲ ಆಮೇಲೆ. ಮೊದಲು ಏವಿಲ್ ಹಾಕಿ ಕಾಯುತ್ತಾ ಕೂರುವುದು ನಮ್ಮಲ್ಲಿ ಎಲ್ಲೆಡೆ ಕಾಣುವ ತಪ್ಪು, ಜೀವ ತೆಗೆಯುವ ತಪ್ಪು. ಇಂಜೆಕ್ಷನ್ ಆದ ಮೇಲೆ ಅವರು ಅರ್ಧ ಗಂಟೆ ಮನೆಯಲ್ಲೇ ಇರಲಿ.

ಇನ್ನು ಕಲಸುವ ವಿಧಾನ. 1 ಗ್ರಾಂನ ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ, ಪುಡಿ ಪೂರ್ತಿ ಕರಗಿ ದ್ರವ ತಿಳಿಯಾಗುವ ತನಕ ಕಾಯಬೇಕು. ತೆಳು ಹಳದಿ ಬಣ್ಣ ಬಂದರೆ ಗಾಬರಿ ಬೇಡ, ಅದು ಸಹಜ. ಕಣ ಕಂಡರೆ ಎಸೆಯಿರಿ. ನಿಮ್ಮ ತಾಯಿಗೆ 2 ಗ್ರಾಂ ಆದ್ದರಿಂದ ಎರಡು ವಯಲ್ ಕರಗಿಸಿ 100 ಮಿ.ಲೀ. ನಾರ್ಮಲ್ ಸಲೈನ್‌ಗೆ ಸೇರಿಸಿ, ಅರ್ಧ ಗಂಟೆಯಲ್ಲಿ ಡ್ರಿಪ್ ಬಿಡುವುದು ಸರಿಯಾದ ದಾರಿ. ಮಿ.ಲೀ.ಗೆ 20 ಹನಿ ಬೀಳುವ ಸೆಟ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 80 ಹನಿ. 1 ಗ್ರಾಂ ಆಗಿದ್ದರೆ ಸಿರಿಂಜ್‌ನಲ್ಲೇ ನೇರ ನರಕ್ಕೆ (ರಕ್ತನಾಳಕ್ಕೆ) ಕೊಡಬಹುದು, ಆದರೆ ಗಡಿಯಾರ ನೋಡಿಕೊಂಡು ಎರಡರಿಂದ ನಾಲ್ಕು ನಿಮಿಷ. ಸರ್ರನೆ ಒತ್ತಿದರೆ ನರ ಉರಿಯುತ್ತದೆ, ಎದೆ ಡವಗುಟ್ಟುತ್ತದೆ. ಸೊಂಟಕ್ಕೆ ಕೊಡುವಾಗ ನೋವಾಗದಿರಲೆಂದು ಮರಗಟ್ಟಿಸುವ ಔಷಧಿ ಲಿಗ್ನೋಕೇನ್‌ನಲ್ಲಿ ಕಲಸುತ್ತಾರೆ. ಹಾಗೆ ಕಲಸಿದ್ದು ಯಾವ ಕಾರಣಕ್ಕೂ ನರಕ್ಕೆ ಹೋಗಕೂಡದು.

ಎಲ್ಲಕ್ಕಿಂತ ಮುಖ್ಯವಾದದ್ದು ಡ್ರಿಪ್ ಬಾಟಲಿಯ ಲೇಬಲ್. ಸುಸ್ತಿಗೆಂದು ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್ ಹಾಕುವ ರೂಢಿಯಿದೆ. ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಸೆಫ್ಟ್ರಿಯಾಕ್ಸೋನ್ ಅದರ ಜೊತೆ ಸೇರಿದರೆ ಹರಳುಗಟ್ಟುತ್ತದೆ. ನವಜಾತ ಶಿಶುಗಳ ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಇಂಥ ಹರಳು ಕೂತು ಸಾವುಗಳಾಗಿವೆ. ಅದಕ್ಕೇ 28 ದಿನದೊಳಗಿನ ಮಗುವಿಗೆ ನರದಲ್ಲಿ ಕ್ಯಾಲ್ಸಿಯಂ ಹೋಗುತ್ತಿದ್ದರೆ ಅಥವಾ ಹೋಗಬೇಕಾಗಿದ್ದರೆ ಈ ಔಷಧಿ ಕೊಡುವಂತೆಯೇ ಇಲ್ಲ; ಕಾಮಾಲೆ ಹೆಚ್ಚಿರುವ ನವಜಾತ ಶಿಶುವಿಗೂ ನಿಷಿದ್ಧ. ದೊಡ್ಡವರಿಗೆ ಒಂದಾದ ಮೇಲೊಂದು ಕೊಡಬಹುದು, ನಡುವೆ ಲೈನನ್ನು ನಾರ್ಮಲ್ ಸಲೈನ್‌ನಿಂದ ಚೆನ್ನಾಗಿ ಫ್ಲಶ್ ಮಾಡಬೇಕು. ಒಂದೇ ಲೈನಿನಲ್ಲಿ ಜೊತೆಜೊತೆಗೆ ಬೇಡವೇ ಬೇಡ. ಬಾಯಿಂದ ನುಂಗುವ ಕ್ಯಾಲ್ಸಿಯಂ ಮಾತ್ರೆಗೆ ಈ ಭಯವಿಲ್ಲ.

ದಿನಕ್ಕೊಂದೇ ಸಲ ಸಾಕೇ ಎಂದೂ ಕೇಳಿದ್ದೀರಿ. ಸಾಕು. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಬೇಕು, ಹಾಗಾಗಿ ಪರಿಣಾಮ ಇಡೀ ದಿನ ಉಳಿಯುತ್ತದೆ. ಇದು ಮೂತ್ರದಲ್ಲೂ ಪಿತ್ತರಸದಲ್ಲೂ ಹೊರಹೋಗುತ್ತದೆ. ಪಿತ್ತಕೋಶದಲ್ಲಿ ಶೇಖರವಾಗಿ ಸ್ಕ್ಯಾನ್‌ನಲ್ಲಿ ಕಲ್ಲಿನಂತೆ ಕಾಣುವುದೂ ಉಂಟು, ಔಷಧಿ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ. ಹೊಸದಾಗಿ ಬಲಪಕ್ಕೆಯಲ್ಲಿ ನೋವು ಬಂದರೆ ತಿಳಿಸಿ, ಆದರೆ ಆ ಸ್ಕ್ಯಾನ್ ಒಂದನ್ನೇ ನೋಡಿ ಆಪರೇಷನ್‌ಗೆ ಅವಸರಪಡಬೇಡಿ. ತಾಯಿ ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ) ಪರೀಕ್ಷೆ ಬೇಗ ಮಾಡಿಸಿ, ಅದು ಏರಬಹುದು.

ಭೇದಿ ಸ್ವಲ್ಪ ಆಗುವುದು ಸಾಮಾನ್ಯ. ನೀರಿನಂತೆ ಮತ್ತೆಮತ್ತೆ ಆದರೆ, ರಕ್ತ ಬಿದ್ದರೆ, ಅಂಗಡಿಯಿಂದ ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ತಂದು ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಹೊಟ್ಟೆ ಇದ್ದಕ್ಕಿದ್ದಂತೆ ಜೋರಾಗಿ ನೋಯತೊಡಗಿ ಹಲಗೆಯಂತೆ ಗಟ್ಟಿಯಾದರೆ ನೇರ ಆಸ್ಪತ್ರೆಗೆ ಓಡಿ, ಟೈಫಾಯ್ಡ್‌ನಲ್ಲಿ ಕರುಳು ತೂತಾಗುವುದುಂಟು. ಚರ್ಮ ಬಿಳಿಚಿ, ಮೂತ್ರ ಕಡುಕಂದಾದರೂ ತಡಮಾಡಬೇಡಿ. ಅಪರೂಪಕ್ಕೆ ಈ ಔಷಧಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಉಳಿದ ವಯಲ್‌ಗಳನ್ನು ಮುಂದೆ ಯಾರಿಗಾದರೂ ಜ್ವರ ಬಂದಾಗ ಎಂದು ಎತ್ತಿಡಬೇಡಿ. ಡೆಂಗಿಗೆ ಇದರಿಂದ ಏನೂ ಆಗದು, ಸಣ್ಣ ಹುಳದ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಬೇರೆ ಆ್ಯಂಟಿಬಯಾಟಿಕ್ ಬೇಕು. ಇದು ಶೆಡ್ಯೂಲ್ ಎಚ್1 ಔಷಧಿ: ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡೇ ಮಾರಬೇಕು. ಚೀಟಿ ಕೇಳದೆ ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ.

ಜ್ವರ ಇಳಿದ ಕೂಡಲೇ ನಿಲ್ಲಿಸುವ ಆಸೆಯಾಗುತ್ತದೆ, ಆಗ ನಿಲ್ಲಿಸಬೇಡಿ. ಬಾಯಿಂದ ನುಂಗುವ ಮಾತ್ರೆಗೆ ಬದಲಿಸುವುದಾದರೆ ಅದು ಡಾಕ್ಟರ ತೀರ್ಮಾನ. ಕೋರ್ಸ್ ಮುಗಿದ ಎರಡು ಮೂರು ವಾರದಲ್ಲಿ ಜ್ವರ ಮರುಕಳಿಸಿದರೆ ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗದೆ, ಯಾವುದೇ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಮತ್ತೊಮ್ಮೆ ಬ್ಲಡ್ ಕಲ್ಚರ್‌ಗೆ ರಕ್ತ ಕೊಡಿಸಿ.